ಊರಿನೊಳಗೆ ತೈಲದ ಪೈಪ್‌ಲೈನ್: ಸಿಟಿ ಕೌನ್ಸಿಲ್ ಬೆಂಬಲಿಸಬೇಕೋ, ವಿರೋಧಿಸಬೇಕೋ, ಷರತ್ತು ಹಾಕಬೇಕೋ?

ಕೆನಡಾ, ಅಮೆರಿಕದ ಊರುಗಳಲ್ಲಿ ಸಿಟಿ ಕೌನ್ಸಿಲ್ ದಿನನಿತ್ಯ ನೋಡಿಕೊಳ್ಳುವುದು ನೀರು, ಚರಂಡಿ, ಕಸ, ರಸ್ತೆ, ಕಟ್ಟಡದ ಪರವಾನಗಿ. ಅಂಥ ಸಭೆಯ ಮುಂದೆ ಒಂದು ಸಂಜೆ ಸಾವಿರ ಕಿಲೋಮೀಟರ್ ಉದ್ದದ ಕಚ್ಚಾ ತೈಲದ ಪೈಪ್‌ಲೈನ್ ಬಂದು ನಿಲ್ಲುತ್ತದೆ. ಕಂಪನಿಯವರು ಉದ್ಯೋಗ, ತೆರಿಗೆ ಎನ್ನುತ್ತಾರೆ. ಊರಿನ ಒಂದಷ್ಟು ಜನ ಸೋರಿಕೆ, ಹವಾಮಾನ ಎನ್ನುತ್ತಾರೆ. ಏಳೋ ಒಂಬತ್ತೋ ಮಂದಿ ಕೌನ್ಸಿಲರುಗಳು ಕೈ ಎತ್ತಬೇಕು.

ವ್ಯಾಂಕೂವರ್ ಸುತ್ತಮುತ್ತ, ಕ್ಯಾಲ್ಗರಿ, ಟೊರಾಂಟೊ ಕಡೆ ನೆಲೆಸಿ ಪೌರತ್ವ ಪಡೆದ ಕನ್ನಡಿಗರು ಈ ಕೌನ್ಸಿಲುಗಳಿಗೆ ಮತ ಹಾಕುತ್ತಾರೆ. ಸಭೆಯಲ್ಲಿ ಹೆಸರು ಬರೆಸಿ ಕೆಲವು ನಿಮಿಷ ಮಾತಾಡುವ ಹಕ್ಕೂ ಅವರಿಗಿದೆ. ಆದರೆ ಚರ್ಚೆ ಬಹುತೇಕ 'ತೈಲ ಬೇಕೋ ಬೇಡವೋ' ಎಂಬಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಪ್ರಶ್ನೆಯನ್ನು ಊರ ಕೌನ್ಸಿಲ್ ತೀರ್ಮಾನಿಸುವುದಿಲ್ಲ. ತನ್ನ ಕೈಯಲ್ಲಿರುವ ಅಧಿಕಾರ ಯಾವುದು, ಅದನ್ನು ಎಲ್ಲಿ ಬಳಸಬೇಕು ಎನ್ನುವುದಷ್ಟೇ ಅದರ ತೀರ್ಮಾನ. ಈ ಹಾದಿ ಹಿಡಿದ ಹಲವು ಊರುಗಳ ಅನುಭವ ನಮ್ಮ ಮುಂದಿದೆ. ಅವನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲು ಗಡಿ ತಿಳಿಯಬೇಕು

ಕೆನಡಾದಲ್ಲಿ ಒಂದು ಪ್ರಾಂತ್ಯ ದಾಟಿ ಇನ್ನೊಂದಕ್ಕೆ ಹೋಗುವ ಪೈಪ್‌ಲೈನ್ ಒಟ್ಟಾವಾದ, ಅಂದರೆ ಕೇಂದ್ರ ಸರ್ಕಾರದ, ಕೈಯಲ್ಲಿದೆ. 1867ರ ಸಂವಿಧಾನ ಕಾಯ್ದೆಯೇ ಹಾಗೆ ಹಂಚಿದೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವೇ ತನ್ನ ನೆಲದಲ್ಲಿ ಹರಿಯುವ ಭಾರದ ತೈಲಕ್ಕೆ ಪರವಾನಗಿ ಬೇಕೆಂದು ಕಾನೂನು ತರಲು ಹೊರಟಾಗ, 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ವಾದ ಮುಗಿದ ಕೂಡಲೇ ಅದನ್ನು ತಳ್ಳಿಹಾಕಿದರು. ಪ್ರಾಂತ್ಯಕ್ಕೇ ಆಗದ್ದು ಪುರಸಭೆಗೆ ಆಗುತ್ತದೆಯೇ?

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ರಾಜ್ಯ ದಾಟುವ ಅನಿಲದ ಪೈಪ್‌ಲೈನ್ ಎಲ್ಲಿ ಹೋಗಬೇಕೆಂದು ಕೇಂದ್ರದ ಆಯೋಗ ನಿರ್ಧರಿಸುತ್ತದೆ. ತೈಲದ ಪೈಪ್‌ಲೈನಿಗೆ ಅಂಥ ಒಂದೇ ಕೇಂದ್ರ ಅನುಮತಿ ಇಲ್ಲ. ಕೊಳವೆಯ ಸುರಕ್ಷತೆ ವಾಷಿಂಗ್ಟನ್ನಿಗೆ ಸೇರಿದ್ದು, ಹಾದಿ ಎಲ್ಲಿ ಎನ್ನುವುದು ಹೆಚ್ಚಾಗಿ ರಾಜ್ಯಕ್ಕೆ ಸೇರಿದ್ದು. ಹಾಗಾಗಿ ಅಮೆರಿಕದ ಊರಿಗೆ ಭೂಬಳಕೆಯ ಕಾನೂನಿನ ಮೂಲಕ ಕೈಯಾಡಿಸಲು ಒಂದಿಷ್ಟು ಜಾಗ ಉಳಿದಿದೆ. ಕೆನಡಾದ ಊರಿಗೆ ಅಷ್ಟೂ ಇಲ್ಲ.

ನಮ್ಮಲ್ಲಂತೂ ಊರಸಭೆಯ ಮತಕ್ಕೇ ಇದು ಬರುವುದಿಲ್ಲ. ಮಂಗಳೂರಿನ ಸಂಸ್ಕರಣಾಗಾರದಿಂದ ಹಾಸನದ ಮೇಲೆ ಬೆಂಗಳೂರು ಹೊರವಲಯದ ದೇವನಗೊಂದಿಯವರೆಗೆ ಸುಮಾರು 360 ಕಿಲೋಮೀಟರ್ ಪೆಟ್ರೋಲ್, ಡೀಸೆಲ್ ಸಾಗಿಸುವ ಕೊಳವೆ 2003ರಿಂದ ಹರಿಯುತ್ತಿದೆ. 1962ರ ಕಾಯ್ದೆಯ ಪ್ರಕಾರ ಜಮೀನು ರೈತನ ಹೆಸರಲ್ಲೇ ಇರುತ್ತದೆ, ಬಳಕೆಯ ಹಕ್ಕು ಮಾತ್ರ ಸರ್ಕಾರ ಅಥವಾ ಕಂಪನಿಗೆ. ಅಧಿಸೂಚನೆ ಬಂದ 21 ದಿನದೊಳಗೆ ತಕರಾರು ಸಲ್ಲಿಸಬಹುದು. ಬಳಕೆಯ ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 10 ಕೊಡುತ್ತಾರೆ, ಬೆಳೆ ಮರಗಳ ನಷ್ಟ ಬೇರೆ. ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಪುರಸಭೆಯನ್ನು ಕೇಳುವ ಕ್ರಮವೇ ಅದರಲ್ಲಿಲ್ಲ. ಇಲ್ಲಿಂದ ಹೋದವರಿಗೆ ಅಲ್ಲಿನ ಕೌನ್ಸಿಲ್ ಚರ್ಚೆ ಹೊಸದಾಗಿ ಕಾಣುವುದು ಅದಕ್ಕೇ.

ಬೆಂಬಲದ ಠರಾವು

ಬೆಂಬಲಿಸುವವರ ವಾದವನ್ನು ಹಗುರಾಗಿ ತೆಗೆದುಕೊಳ್ಳಬಾರದು. ತೈಲ ಪೈಪಿನಲ್ಲಿ ಹೋಗದಿದ್ದರೆ ರೈಲಿನಲ್ಲಿ ಹೋಗುತ್ತದೆ. 2013ರ ಜುಲೈ 6ರ ನಸುಕಿನಲ್ಲಿ ಕ್ವಿಬೆಕ್‌ನ ಲಾಕ್ ಮೆಗಾಂಟಿಕ್ ಎಂಬ ಪುಟ್ಟ ಊರಿನ ನಡುವೆ ಕಚ್ಚಾ ತೈಲ ತುಂಬಿದ ರೈಲು ಹಳಿ ತಪ್ಪಿ ಉರಿದು 47 ಜನ ಸತ್ತರು. ಪೈಪ್‌ಲೈನ್ ಪರ ಮಾತಾಡುವ ಯಾವ ಕೌನ್ಸಿಲರ್ ಆ ಹೆಸರು ಎತ್ತಿದರೂ ಅವರ ಮಾತಿಗೆ ತೂಕವಿದೆ. ಎರಡನೆಯದು, ಆಲ್ಬರ್ಟಾದಂಥ ಕಡಲಿಲ್ಲದ ಪ್ರಾಂತ್ಯಕ್ಕೆ ಬಂದರಿನ ದಾರಿ ಇಲ್ಲದಿದ್ದರೆ ಒಂದೇ ಗಿರಾಕಿಗೆ, ಅಂದರೆ ಅಮೆರಿಕಕ್ಕೆ, ಕಡಿಮೆ ಬೆಲೆಗೆ ಮಾರಬೇಕು. ಆಲ್ಬರ್ಟಾದಿಂದ ವ್ಯಾಂಕೂವರ್ ಬಳಿಯ ಕಡಲಿಗೆ ತೈಲ ತರುವ ಟ್ರಾನ್ಸ್ ಮೌಂಟೇನ್ ಪೈಪ್‌ಲೈನಿನ ವಿಸ್ತರಣೆ 2024ರ ಮೇ 1ರಂದು ಶುರುವಾದ ಮೇಲೆ ಆ ಬೆಲೆಯ ಅಂತರ ಕುಗ್ಗಿತು.

ಆದರೆ ಕೌನ್ಸಿಲಿನ ಬೆಂಬಲದಿಂದ ಪೈಪ್‌ಲೈನ್ ಬರುವುದಿಲ್ಲ, ವಿರೋಧದಿಂದ ನಿಲ್ಲುವುದೂ ಅಪರೂಪ. ಹಾಗಿರುವಾಗ ಷರತ್ತಿಲ್ಲದ ಬೆಂಬಲದ ಠರಾವಿನಿಂದ ಊರಿಗೆ ದಕ್ಕುವುದೇನು? ಆಸ್ತಿ ತೆರಿಗೆ ಠರಾವು ಇದ್ದರೂ ಇಲ್ಲದಿದ್ದರೂ ಬರುತ್ತದೆ. ಕಾಮಗಾರಿಯ ಕೆಲಸಗಾರರು ಹೋಟೆಲಲ್ಲಿ ಉಳಿಯುವುದು, ಅಂಗಡಿಯಲ್ಲಿ ಖರ್ಚು ಮಾಡುವುದು ಆ ಒಂದೆರಡು ವರ್ಷದ ಮಾತು. ಕೊಳವೆ ಹೂತ ಮೇಲೆ ಅದನ್ನು ನೋಡಿಕೊಳ್ಳಲು ಊರಿಗೆ ಬೆರಳೆಣಿಕೆಯ ಕೆಲಸ ಉಳಿಯುತ್ತದೆ. ತೈಲ ತೆಗೆಯುವ ಊರು, ಸಂಸ್ಕರಿಸುವ ಊರು ಬೆಂಬಲಿಸಿದರೆ ಅದಕ್ಕೆ ಅರ್ಥವಿದೆ, ಅಲ್ಲಿನ ಜೀವನವೇ ಅದರ ಮೇಲೆ ನಿಂತಿದೆ. ಹಾದಿಯಲ್ಲಿ ಸಿಗುವ ಊರು ಕಂಪನಿ ಬರೆದುಕೊಟ್ಟ ಠರಾವಿಗೆ ಹಾಗೇ ಸಹಿ ಹಾಕುವುದು ಕೈಯಲ್ಲಿದ್ದ ಒಂದೇ ಚೀಟಿಯನ್ನು ಪುಕ್ಕಟೆ ಕೊಟ್ಟಂತೆ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ದುಡ್ಡು ಪಡೆದು ಒಪ್ಪಂದ

ಟ್ರಾನ್ಸ್ ಮೌಂಟೇನ್ ಹಾದಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಹಲವು ಊರುಗಳು ಕಂಪನಿಯೊಂದಿಗೆ 'ಸಮುದಾಯ ಲಾಭ ಒಪ್ಪಂದ' ಮಾಡಿಕೊಂಡವು. ಕಾಮ್‌ಲೂಪ್ಸ್‌ಗೆ 7 ಲಕ್ಷ ಡಾಲರ್, ಹೋಪ್ ಎಂಬ ಸಣ್ಣ ಊರಿಗೆ 5 ಲಕ್ಷ. ಉದ್ಯಾನ, ಕಾಲುದಾರಿಯಂಥ ಕೆಲಸಕ್ಕೆ ಬಳಸುವ ಹಣ ಅದು. ಇದರಲ್ಲಿ ತಪ್ಪೇನೂ ಇಲ್ಲ. ಹೇಗೂ ಬರುವ ಪೈಪ್‌ಲೈನಿನಿಂದ ಅಗೆತ, ಧೂಳು, ಮುಚ್ಚಿದ ರಸ್ತೆ ಎಲ್ಲ ಅನುಭವಿಸುವ ಊರು ಏನಾದರೂ ಕೇಳಿದರೆ ನ್ಯಾಯವೇ. ಆದರೆ ಒಮ್ಮೆ ಮಾತ್ರ ಬರುವ 7 ಲಕ್ಷವನ್ನು ಯೋಜನೆಯ ಒಟ್ಟು ವೆಚ್ಚದ ಪಕ್ಕ ಇಟ್ಟು ನೋಡಿ. 2013ರಲ್ಲಿ 540 ಕೋಟಿ ಡಾಲರ್ ಎಂದಿದ್ದ ಅಂದಾಜು ಮುಗಿಯುವ ಹೊತ್ತಿಗೆ ಸುಮಾರು 3,400 ಕೋಟಿ ಡಾಲರಿಗೆ ಏರಿತ್ತು. ಆ ಲೆಕ್ಕದಲ್ಲಿ ಊರಿಗೆ ಸಿಕ್ಕಿದ್ದು ಚಿಲ್ಲರೆ.

ಎಚ್ಚರಿಕೆ ಬೇಕಾದದ್ದು ಮೊತ್ತದಲ್ಲಲ್ಲ, ಒಪ್ಪಂದದ ಒಳಪುಟದಲ್ಲಿ. ಒಂಟಾರಿಯೊದ ಮಟ್ಟಾವಾ ಎಂಬ ಪಟ್ಟಣ 2014ರಲ್ಲಿ ಟ್ರಾನ್ಸ್‌ಕೆನಡಾ ಕಂಪನಿಯಿಂದ ರಕ್ಷಣಾ ವಾಹನ ಕೊಳ್ಳಲು 30,000 ಡಾಲರ್ ಪಡೆಯಿತು. ಅದೇ ಕಾಗದದಲ್ಲಿ ಇನ್ನೊಂದು ಸಾಲಿತ್ತು: ಕಂಪನಿಯ ಕಾರ್ಯಾಚರಣೆ, ಯೋಜನೆಗಳ ಬಗ್ಗೆ ಪಟ್ಟಣ ಐದು ವರ್ಷ ಬಹಿರಂಗವಾಗಿ ಏನೂ ಹೇಳುವಂತಿಲ್ಲ. ಅದೇ ಹೊತ್ತಿಗೆ ಪಶ್ಚಿಮದ ತೈಲವನ್ನು ಪೂರ್ವಕ್ಕೆ ತರುವ ಅದೇ ಕಂಪನಿಯ ಎನರ್ಜಿ ಈಸ್ಟ್ ಪೈಪ್‌ಲೈನ್ ಆ ಕಡೆ ಹಾದುಹೋಗುವ ಪ್ರಸ್ತಾವ ನಡೆಯುತ್ತಿತ್ತು. ಸುದ್ದಿ ಹೊರಬಿದ್ದಾಗ, ಕಂಪನಿಯ ಪರವಾಗಿ ಮಾತಾಡಬೇಕೆಂಬ ಒತ್ತಡ ಊರಿಗೆ ಆಗದಿರಲಿ ಎಂಬುದೇ ಆ ಸಾಲಿನ ಉದ್ದೇಶ ಎಂದು ಕಂಪನಿ ವಿವರಣೆ ಕೊಟ್ಟಿತು. ಉದ್ದೇಶ ಏನೇ ಇರಲಿ, ಬರೆದ ಸಾಲು ಬರೆದದ್ದೇ. ಒಂದು ಗಾಡಿಯ ಬೆಲೆಗೆ ಐದು ವರ್ಷ ಬಾಯಿ ಮುಚ್ಚಿಸುವ ಒಪ್ಪಂದಕ್ಕೆ ಯಾವ ಕೌನ್ಸಿಲೂ ಸಹಿ ಹಾಕಬಾರದು.

ನಿಮ್ಮ ಊರಿನಲ್ಲಿ ಈ ಹಾದಿ ಹಿಡಿಯುತ್ತಿದ್ದರೆ ಕರಡನ್ನು ಬಹಿರಂಗ ಸಭೆಯಲ್ಲಿಡಿ ಎಂದು ಪಟ್ಟುಹಿಡಿಯಿರಿ. ಹಣ ತಗೊಂಡರೂ ಪೈಪ್‌ಲೈನ್ ಅರ್ಜಿಗಳನ್ನು ಪರಿಶೀಲಿಸುವ ಕೇಂದ್ರದ ನಿಯಂತ್ರಣ ಮಂಡಳಿಯ ಮುಂದೆ ವಿರೋಧದ ಸಾಕ್ಷ್ಯ ಕೊಡುವ ಹಕ್ಕು ಉಳಿಯುತ್ತದೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಆಟದ ಮೈದಾನಕ್ಕಿಂತ ಮೊದಲು ಅಗ್ನಿಶಾಮಕ ದಳದ ಉಪಕರಣ, ತರಬೇತಿಯನ್ನು ಕೇಳಿ, ಅದೂ ಒಂದು ಸಲಕ್ಕಲ್ಲ, ಕೊಳವೆ ಇರುವವರೆಗೂ.

ಜನರನ್ನೇ ಕೇಳುವುದು

ಬ್ರಿಟಿಷ್ ಕೊಲಂಬಿಯಾದ ಉತ್ತರ ಕರಾವಳಿಯ ಕಿಟಿಮಾಟ್ 1950ರ ದಶಕದಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗಾಗಿ ಕಟ್ಟಿದ ಊರು. ಜನಸಂಖ್ಯೆ ಸುಮಾರು ಎಂಟು ಸಾವಿರ. ಕೈಗಾರಿಕೆಯನ್ನು ಕಂಡರೆ ಬೆಚ್ಚುವ ಊರಲ್ಲ. ಎನ್‌ಬ್ರಿಡ್ಜ್ ಕಂಪನಿಯ ನಾರ್ದರ್ನ್ ಗೇಟ್‌ವೇ ಪೈಪ್‌ಲೈನ್ 1,177 ಕಿಲೋಮೀಟರ್ ಹರಿದು ಬಂದು ಹಡಗು ತುಂಬುವುದು ಅಲ್ಲೇ ಆಗಬೇಕಿತ್ತು. ಕೌನ್ಸಿಲ್ ವರ್ಷಗಟ್ಟಲೆ ತಟಸ್ಥವಾಗಿತ್ತು, ಕೊನೆಗೆ 2014ರ ಏಪ್ರಿಲ್ 12ರಂದು ಜನಮತಗಣನೆ ನಡೆಸಿತು. ಬೇಡ ಎಂದವರು 1,793, ಬೇಕು ಎಂದವರು 1,278. ಎರಡು ದಿನದ ನಂತರ ಕೌನ್ಸಿಲ್ ವಿರೋಧದ ಠರಾವು ಪಾಸು ಮಾಡಿತು.

ಫಲಿತಾಂಶಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದು ನಡೆದ ರೀತಿ. ಮತಪತ್ರದ ಮೇಲೆ 'ಪೈಪ್‌ಲೈನ್ ಬೇಕೋ ಬೇಡವೋ' ಎಂದಿರಲಿಲ್ಲ. ಯೋಜನೆಯ ವಿಚಾರಣೆ ನಡೆಸಿದ ಕೇಂದ್ರದ ಜಂಟಿ ಪರಿಶೀಲನಾ ಮಂಡಳಿಯು 209 ಷರತ್ತುಗಳೊಂದಿಗೆ ಯೋಜನೆಗೆ ಒಪ್ಪಿಗೆ ಕೊಡಬಹುದು ಎಂದು ಮಾಡಿದ ಶಿಫಾರಸನ್ನು ನೀವು ಬೆಂಬಲಿಸುತ್ತೀರಾ ಎಂಬ ಉದ್ದನೆಯ ವಾಕ್ಯವಿತ್ತು. 209 ಷರತ್ತು ಓದಿದವರೆಷ್ಟು ಮಂದಿ ಇದ್ದಾರು? ಕಂಪನಿ ಜಾಹೀರಾತು ಹಾಕಿತು, ಮನೆಮನೆಗೆ ಜನರನ್ನು ಕಳಿಸಿತು. ವಿರೋಧಿಗಳು ಕೈಬರಹದ ಫಲಕ ಹಿಡಿದ ಪುಟ್ಟ ಗುಂಪು. ಇನ್ನೂ ದೊಡ್ಡ ಕೊರತೆಯೆಂದರೆ, ಅದೇ ಕೊಲ್ಲಿಯ ದಂಡೆಯಲ್ಲಿ ತಲೆಮಾರುಗಳಿಂದ ಮೀನು ಹಿಡಿದು ಬದುಕುವ ಹೈಸ್ಲಾ ಮೂಲನಿವಾಸಿ ಜನರ ಹಳ್ಳಿ ಪುರಸಭೆಯ ಗಡಿಯ ಹೊರಗಿದೆ, ಹಾಗಾಗಿ ಅಲ್ಲಿರುವವರಿಗೆ ಮತವೇ ಇರಲಿಲ್ಲ.

ಈ ಜನಮತಕ್ಕೆ ಕಾನೂನಿನ ಬಲವೂ ಇರಲಿಲ್ಲ. ಎರಡು ತಿಂಗಳಲ್ಲೇ, 2014ರ ಜೂನ್‌ನಲ್ಲಿ, ಒಟ್ಟಾವಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದನ್ನು ಬಿದ್ದುಹೋಗುವಂತೆ ಮಾಡಿದ್ದು ಮೂಲನಿವಾಸಿ ಸಮುದಾಯಗಳ ಮೊಕದ್ದಮೆ. ತಮ್ಮೊಂದಿಗೆ ಸರಿಯಾಗಿ ಸಮಾಲೋಚನೆ ಮಾಡಿಲ್ಲವೆಂದು ಅವರು ಹೂಡಿದ ದಾವೆಯಲ್ಲಿ 2016ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಒಪ್ಪಿಗೆಯನ್ನು ರದ್ದು ಮಾಡಿತು, ಅದೇ ನವೆಂಬರಿನಲ್ಲಿ ಟ್ರೂಡೊ ಸರ್ಕಾರ ಯೋಜನೆಯನ್ನೇ ತಿರಸ್ಕರಿಸಿತು. ಹಾಗಂತ ಕಿಟಿಮಾಟ್ ಮತ ವ್ಯರ್ಥವೆನ್ನಲಾರೆ. 'ಊರೇ ಬೇಕೆನ್ನುತ್ತಿದೆ' ಎಂಬ ಮಾತನ್ನು ಅದು ಕಂಪನಿಯ ಬಾಯಿಂದ ತೆಗೆದುಹಾಕಿತು. ಕೌನ್ಸಿಲ್ ಒಳಗೆ ಒಡಕಿರುವ ಸಣ್ಣ ಊರಿಗೆ ಜನಮತಗಣನೆ ಒಳ್ಳೆಯ ದಾರಿ. ಆದರೆ ಪ್ರಶ್ನೆಯನ್ನು ಬರೆಯುವವರು ಯಾರು, ಪ್ರಚಾರದ ಖರ್ಚಿಗೆ ಮಿತಿ ಏನು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ನೇರ ವಿರೋಧ: ಬರ್ನಬಿಯ ಕತೆ

ವ್ಯಾಂಕೂವರಿಗೆ ಅಂಟಿಕೊಂಡ ಬರ್ನಬಿಯಷ್ಟು ದೀರ್ಘವಾಗಿ ಹೋರಾಡಿದ ಪುರಸಭೆ ಕಡಿಮೆ. ಅದರ ಹಿಂದೆ ಕಣ್ಣಾರೆ ಕಂಡ ಒಂದು ದಿನವಿದೆ.

2007ರ ಜುಲೈ 24ರಂದು ಬರ್ನಬಿಯ ಇನ್ಲೆಟ್ ಡ್ರೈವ್ ರಸ್ತೆಯಲ್ಲಿ ಚರಂಡಿ ಕಾಮಗಾರಿ ನಡೆಯುತ್ತಿತ್ತು. ಅಗೆಯುವ ಯಂತ್ರದ ಹಲ್ಲು 24 ಇಂಚಿನ ತೈಲದ ಕೊಳವೆಗೆ ತಾಗಿತು. ಕಚ್ಚಾ ತೈಲ ಹನ್ನೆರಡರಿಂದ ಹದಿನೈದು ಮೀಟರ್ ಎತ್ತರಕ್ಕೆ ಚಿಮ್ಮಿ ಸುಮಾರು 25 ನಿಮಿಷ ಹಾಗೇ ಸುರಿಯಿತು. ಹನ್ನೊಂದು ಮನೆಗಳು ತೊಯ್ದವು, ಸುಮಾರು 250 ಜನ ಮನೆ ಬಿಟ್ಟರು. ಹೊರಬಂದ ಒಟ್ಟು ತೈಲ ಸುಮಾರು 2,34,000 ಲೀಟರ್. ಅದರಲ್ಲಿ ಸುಮಾರು 70,000 ಲೀಟರ್ ಮಳೆನೀರಿನ ಚರಂಡಿ ಹಿಡಿದು ಬುರ್ರಾರ್ಡ್ ಕೊಲ್ಲಿ ಸೇರಿತು. ಕಾಮಗಾರಿ ಪುರಸಭೆಯದೇ. ನಕ್ಷೆಯಲ್ಲಿ ಕೊಳವೆ ತೋರಿಸಿದ್ದ ಜಾಗ ಬೇರೆ, ನೆಲದಡಿ ಅದು ಇದ್ದ ಜಾಗ ಬೇರೆ. 1953ರಲ್ಲಿ ಹೂತ ಕೊಳವೆಯ ಮೇಲೆ ಅರ್ಧ ಶತಮಾನದಲ್ಲಿ ಒಂದು ನಗರ ಬೆಳೆದುಬಿಟ್ಟಿದ್ದರೆ ಹೀಗಾಗುವುದು ಆಶ್ಚರ್ಯವಲ್ಲ.

ಆದ್ದರಿಂದ ಟ್ರಾನ್ಸ್ ಮೌಂಟೇನಿನ ಆಗಿನ ಒಡೆಯನಾದ ಕಿಂಡರ್ ಮಾರ್ಗನ್ ಕಂಪನಿ ಅದೇ ಹಾದಿಯಲ್ಲಿ ದಿನಕ್ಕೆ 3 ಲಕ್ಷ ಬ್ಯಾರೆಲ್ ಇದ್ದದ್ದನ್ನು 8.9 ಲಕ್ಷಕ್ಕೆ ಏರಿಸುತ್ತೇನೆ, ತಿಂಗಳಿಗೆ ಐದರಷ್ಟಿದ್ದ ಟ್ಯಾಂಕರ್ ಹಡಗು ಮೂವತ್ತನಾಲ್ಕಾಗಬಹುದು ಎಂದಾಗ ಮೇಯರ್ ಡೆರೆಕ್ ಕೊರಿಗನ್ ಮತ್ತು ಕೌನ್ಸಿಲ್ ಕಟ್ಟುನಿಟ್ಟಾಗಿ ಬೇಡವೆಂದರು. ಬರ್ನಬಿ ಬೆಟ್ಟದ ಇಳಿಜಾರಿನಲ್ಲಿ ತೈಲದ ತೊಟ್ಟಿಗಳು ಹದಿಮೂರರಿಂದ ಇಪ್ಪತ್ತಾರಾಗುವ ಯೋಜನೆ, ಅದೇ ಬೆಟ್ಟದ ನೆತ್ತಿಯ ಮೇಲೆ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯ. ತೊಟ್ಟಿಗೆ ಬೆಂಕಿ ಬಿದ್ದರೆ ವಿದ್ಯಾರ್ಥಿಗಳು ಇಳಿದುಬರುವ ದಾರಿಯೇ ಮುಚ್ಚಿಹೋಗಬಹುದೆಂದು ಊರಿನ ಅಗ್ನಿಶಾಮಕ ದಳ 2015ರಲ್ಲಿ ವರದಿ ಬರೆಯಿತು. ನನ್ನ ದೃಷ್ಟಿಯಲ್ಲಿ ಬರ್ನಬಿ ಮಾಡಿದ ಅತ್ಯಂತ ಉಪಯುಕ್ತ ಕೆಲಸ ಆ ವರದಿ. ಹವಾಮಾನದ ಬಗ್ಗೆ ಯಾರು ಬೇಕಾದರೂ ಮಾತಾಡಬಹುದು. ತಮ್ಮ ಊರಿನ ಯಾವ ರಸ್ತೆಯಲ್ಲಿ ಬೆಂಕಿ ಗಾಡಿ ಹೋಗಲಾರದು ಎಂಬುದನ್ನು ಕೌನ್ಸಿಲ್ ಮಾತ್ರ ಅಧಿಕಾರದಿಂದ ಹೇಳಬಲ್ಲದು.

ಕೋರ್ಟಿನಲ್ಲಿ ಮಾತ್ರ ಬರ್ನಬಿ ಮತ್ತೆ ಮತ್ತೆ ಸೋತಿತು. 2014ರಲ್ಲಿ ಸಂರಕ್ಷಿತ ಬೆಟ್ಟದಲ್ಲಿ ಮರ ಕಡಿಯಲು ಬಿಡುವುದಿಲ್ಲ ಎಂದಾಗ ಕೇಂದ್ರದ ಆಗಿನ ನಿಯಂತ್ರಣ ಮಂಡಳಿಯಾದ ರಾಷ್ಟ್ರೀಯ ಇಂಧನ ಮಂಡಳಿ ಕಂಪನಿಗೆ ಪ್ರವೇಶ ಕೊಡಿಸಿತು. ಆ ನವೆಂಬರಿನಲ್ಲಿ ಬೆಟ್ಟದ ಮೇಲೆ ನಿಂತ ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಬಂಧಿಸಿದರು. ಪರವಾನಗಿಯನ್ನು ಪುರಸಭೆ ಎಳೆದಾಡುತ್ತಿದೆ ಎಂದು ಕಂಪನಿ ದೂರಿದಾಗ, ಆ ವಿಷಯದಲ್ಲಿ ಊರಿನ ಬೈಲಾಗಳು ಅನ್ವಯಿಸುವುದಿಲ್ಲ ಎಂದು 2017ರ ಡಿಸೆಂಬರಿನಲ್ಲಿ ಮಂಡಳಿ ತೀರ್ಪಿತ್ತಿತು. 2018ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೇಳಲೂ ಒಪ್ಪಲಿಲ್ಲ. ಅದೇ ಆಗಸ್ಟಿನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಯೋಜನೆಯ ಒಪ್ಪಿಗೆಯನ್ನೇ ರದ್ದು ಮಾಡಿತು ನಿಜ. ಅದಕ್ಕೆ ಕಾರಣ ಸ್ಲೇಲ್ ವಾಟೂತ್ ಮೊದಲಾದ ಮೂಲನಿವಾಸಿ ಸಮುದಾಯಗಳೊಂದಿಗಿನ ಸಮಾಲೋಚನೆಯ ಕೊರತೆ ಮತ್ತು ಟ್ಯಾಂಕರ್ ಸಂಚಾರವನ್ನು ಪರಿಶೀಲನೆಯಿಂದ ಹೊರಗಿಟ್ಟದ್ದು. ಅಷ್ಟರಲ್ಲಿ ಕೇಂದ್ರ ಸರ್ಕಾರವೇ 450 ಕೋಟಿ ಡಾಲರಿಗೆ ಪೈಪ್‌ಲೈನ್ ಕೊಳ್ಳಲು ಒಪ್ಪಿಕೊಂಡಿತ್ತು. 2019ರ ಜೂನ್‌ನಲ್ಲಿ ಮತ್ತೆ ಒಪ್ಪಿಗೆ ಬಂತು, ಕೆಲಸ ಮುಗಿಯಿತು.

ಕೊರಿಗನ್ 2018ರ ಚುನಾವಣೆಯಲ್ಲಿ ಸೋತರು. ಪೈಪ್‌ಲೈನಿನಿಂದಲ್ಲ, ಬಾಡಿಗೆ ಮನೆಗಳನ್ನು ಕೆಡವಿ ಬಹುಮಹಡಿ ಕಟ್ಟಲು ಬಿಟ್ಟದ್ದಕ್ಕೆ ಜನ ಸಿಟ್ಟಾಗಿದ್ದರು. ಗೆದ್ದ ಮೈಕ್ ಹರ್ಲಿ ಅಗ್ನಿಶಾಮಕ ದಳದಲ್ಲಿದ್ದವರು, ಅವರೂ ಪೈಪ್‌ಲೈನ್ ವಿರೋಧಿಯೇ. ಕೌನ್ಸಿಲರುಗಳು ಇದನ್ನು ಗಮನಿಸಬೇಕು: ಪೈಪ್‌ಲೈನ್ ವಿರುದ್ಧ ನಿಂತೆ ಎಂದು ಜನ ಬಾಡಿಗೆಯ ಕಷ್ಟ ಮರೆಯುವುದಿಲ್ಲ.

ಸ್ವಂತ ನೆಲದ ಮೇಲಿನ ಕಾನೂನು

ಈಗ ನಾನು ಹೆಚ್ಚು ಮೆಚ್ಚುವ ದಾರಿ. ಅಮೆರಿಕದ ಮೇನ್ ರಾಜ್ಯದ ಸೌತ್ ಪೋರ್ಟ್‌ಲ್ಯಾಂಡ್ ಇಪ್ಪತ್ತೈದು ಸಾವಿರ ಜನರ ಬಂದರು ಪಟ್ಟಣ. 1941ರಿಂದ ಅಲ್ಲಿ ಹಡಗಿನಿಂದ ಇಳಿಸಿದ ಕಚ್ಚಾ ತೈಲ ಪೈಪಿನಲ್ಲಿ ಮಾಂಟ್ರಿಯಲ್‌ಗೆ ಹೋಗುತ್ತಿತ್ತು. ಅದನ್ನೇ ತಿರುಗಿಸಿ ಆಲ್ಬರ್ಟಾದ ಬಿಟುಮೆನ್ ತಂದು ಹಡಗಿಗೆ ತುಂಬಬಹುದೆಂಬ ಸುದ್ದಿ ಹಬ್ಬಿತು.

ಬಿಟುಮೆನ್ ಎಂದರೆ ಜೋನಿಬೆಲ್ಲಕ್ಕಿಂತ ಗಟ್ಟಿಯಾದ ಕಪ್ಪು ತೈಲ. ಹಾಗೇ ಹರಿಯುವುದಿಲ್ಲ, ತೆಳು ದ್ರಾವಕ ಬೆರೆಸಿ ಕಳಿಸುತ್ತಾರೆ. ಸೋರಿದರೆ ದ್ರಾವಕ ಗಾಳಿಗೆ ಆವಿಯಾಗುತ್ತದೆ, ಉಳಿದದ್ದು ನೀರಿನಲ್ಲಿ ತಳ ಸೇರಬಹುದು. 2010ರ ಜುಲೈನಲ್ಲಿ ಮಿಷಿಗನ್‌ನ ಕಲಮಜೂ ನದಿಗೆ ಎನ್‌ಬ್ರಿಡ್ಜ್ ಕೊಳವೆಯಿಂದ 20,000 ಬ್ಯಾರೆಲಿಗೂ ಹೆಚ್ಚು ಸೋರಿದಾಗ ಹಾಗೇ ಆಯಿತು. ಸೋರಿಕೆ ಶುರುವಾಗಿ 17 ಗಂಟೆ ಕಳೆದರೂ ನಿಯಂತ್ರಣ ಕೊಠಡಿಯವರಿಗೆ ತಿಳಿದಿರಲಿಲ್ಲ, ನಡುವೆ ಎರಡು ಸಲ ಮತ್ತೆ ಪಂಪ್ ಹಾಕಿದ್ದರು. ಶುಚಿಗೊಳಿಸುವ ಖರ್ಚು 100 ಕೋಟಿ ಡಾಲರ್ ದಾಟಿತು.

ಸೌತ್ ಪೋರ್ಟ್‌ಲ್ಯಾಂಡಿನ ಜನ ಮೊದಲು 2013ರ ನವೆಂಬರಿನಲ್ಲಿ ಮತದಾನದ ಮೂಲಕ ತಡೆ ತರಲು ಹೋಗಿ ಇನ್ನೂರಕ್ಕಿಂತ ಕಡಿಮೆ ಮತಗಳಿಂದ ಸೋತರು. ಕೌನ್ಸಿಲ್ ಅಲ್ಲಿಗೆ ಬಿಡಲಿಲ್ಲ. ತಾತ್ಕಾಲಿಕ ತಡೆ ಹಾಕಿ, ಸಮಿತಿ ಮಾಡಿ, ಚಿಕ್ಕದಾಗಿ ಚೊಕ್ಕದಾಗಿ ಒಂದು ಕಾನೂನು ಬರೆಸಿತು. 2014ರ ಜುಲೈ 21ರಂದು 6-1 ಮತದಿಂದ ಅದು ಪಾಸಾಯಿತು. ಪೈಪ್‌ಲೈನಿನ ಸುದ್ದಿಗೇ ಅದು ಹೋಗಲಿಲ್ಲ. ಊರಿನ ಬಂದರಿನಲ್ಲಿ ಕಚ್ಚಾ ತೈಲವನ್ನು ಹಡಗಿಗೆ ತುಂಬುವುದನ್ನು ಮಾತ್ರ ನಿಷೇಧಿಸಿತು, ಕಾರಣವಾಗಿ ತುಂಬುವಾಗ ಹೊರಬರುವ ಹೊಗೆಯನ್ನೂ ದಂಡೆಯ ಬಳಕೆಯನ್ನೂ ಕೊಟ್ಟಿತು. ಗಾಳಿ, ಭೂಬಳಕೆ ಎರಡೂ ಪುರಸಭೆಯ ಹೊಲದೊಳಗಿನ ಬೆಳೆ. ಕಂಪನಿ 2015ರಲ್ಲಿ ದಾವೆ ಹೂಡಿತು. 2018ರಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯವೂ 2020ರಲ್ಲಿ ಮೇನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಊರಿನ ಪರ ನಿಂತವು, 2021ರಲ್ಲಿ ಕಂಪನಿ ಮೊಕದ್ದಮೆ ಕೈಬಿಟ್ಟಿತು. ವಕೀಲರಿಗೆ ಊರು ಸುರಿದದ್ದು 20 ಲಕ್ಷ ಡಾಲರಿಗಿಂತ ಹೆಚ್ಚು. ಅಷ್ಟು ಖರ್ಚಿಗೆ ಸಿದ್ಧವಿಲ್ಲದ ಊರು ಈ ದಾರಿ ಹಿಡಿಯಬಾರದು.

ಟೆನೆಸಿಯ ಮೆಂಫಿಸ್‌ನಲ್ಲಿ ಬೈಹೇಲಿಯಾ ಪೈಪ್‌ಲೈನ್ ಕೇವಲ 49 ಮೈಲಿಯದು. ಅದು ಹಾದುಹೋಗಬೇಕಿದ್ದ ಬಾಕ್ಸ್‌ಟೌನ್, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ರೈಲು ಡಬ್ಬಿಗಳ ಹಲಗೆ ಆಯ್ದು ಮನೆ ಕಟ್ಟಿಕೊಂಡ ಬಡಾವಣೆ. ಕಂಪನಿಯ ಪ್ರತಿನಿಧಿಯೊಬ್ಬರು ಆ ಹಾದಿಯನ್ನು 'ಅತಿ ಕಡಿಮೆ ಪ್ರತಿರೋಧವಿರುವ ಜಾಗ' ಎಂದು ಸಭೆಯಲ್ಲೇ ಹೇಳಿಬಿಟ್ಟರು. ಆ ಮಾತು ಊರನ್ನು ಎಬ್ಬಿಸಿತು. ಇಡೀ ಮೆಂಫಿಸ್ ಕುಡಿಯುವುದು ನೆಲದಡಿಯ ಮರಳು ಪದರದ ನೀರನ್ನು. ಕೌನ್ಸಿಲ್ ವಿರೋಧದ ಠರಾವು ಮಾಡಿ, ಕುಡಿಯುವ ನೀರಿನ ಬಾವಿಗಳನ್ನು ರಕ್ಷಿಸುವ ಕಾನೂನಿನ ಕರಡು ಮುಂದಿಟ್ಟಿತು. 2021ರ ಜುಲೈನಲ್ಲಿ ಕಂಪನಿಯೇ ಹಿಂದೆ ಸರಿಯಿತು, ಕೊಟ್ಟ ಕಾರಣ ಕೊರೊನಾದಿಂದ ತೈಲ ಉತ್ಪಾದನೆ ಇಳಿದದ್ದು. ಮರುವರ್ಷವೇ ಟೆನೆಸಿಯ ಶಾಸಕಾಂಗ ಸ್ಥಳೀಯ ಸಂಸ್ಥೆಗಳು ಇಂಧನ ಯೋಜನೆಗಳನ್ನು ತಡೆಯುವ ಅಧಿಕಾರವನ್ನು ಮೊಟಕುಗೊಳಿಸುವ ಕಾನೂನು ತಂದಿತು. ಇಂದು ಇರುವ ಅಧಿಕಾರ ನಾಳೆ ಇರುತ್ತದೆಂಬ ಖಾತರಿ ಇಲ್ಲ.

ಒಟ್ಟುಗೂಡಿ ಮಾತಾಡುವುದು

ಮಾಂಟ್ರಿಯಲ್ ಒಂಟಿಯಾಗಿ ಮಾತಾಡಲಿಲ್ಲ. ಎನರ್ಜಿ ಈಸ್ಟ್ ಬಗ್ಗೆ ಮೊದಲು ಬಹಿರಂಗ ವಿಚಾರಣೆ ನಡೆಸಿ, 2016ರ ಜನವರಿ 21ರಂದು ಮೇಯರ್ ಡೆನಿ ಕೊದೆರ್ ಸುತ್ತಲಿನ 82 ಪುರಸಭೆಗಳ ಪರವಾಗಿ ವಿರೋಧ ಸಾರಿದರು. ಕ್ವಿಬೆಕ್‌ನ ಅರ್ಧದಷ್ಟು ಜನ ಈ 82ರಲ್ಲಿ ಬರುತ್ತಾರೆ. ಲಾಭ ಅತಿ ಅಲ್ಪ, ಅಪಾಯ ಅತಿ ದೊಡ್ಡದು ಎಂಬುದು ಅವರ ಲೆಕ್ಕ. ತೈಲ ತೆಗೆಯುವ ಪಶ್ಚಿಮದ ಪ್ರಾಂತ್ಯಗಳಿಂದ ಸಿಟ್ಟಿನ ಉತ್ತರ ಬಂತು. ಹಾಗಾದರೆ ಪಶ್ಚಿಮದ ದುಡಿಮೆಯಿಂದ ಬರುವ ಸಮೀಕರಣ ಅನುದಾನದ (ಕೇಂದ್ರ ಸರ್ಕಾರ ಕಡಿಮೆ ವರಮಾನದ ಪ್ರಾಂತ್ಯಗಳಿಗೆ ಕೊಡುವ ಹಣ) ನಿಮ್ಮ ಪಾಲನ್ನು ಹಿಂದಿರುಗಿಸಿ ಎಂಬರ್ಥದಲ್ಲಿ ಸಸ್ಕ್ಯಾಚೆವಾನ್ ಪ್ರಾಂತ್ಯದ ಆಗಿನ ಮುಖ್ಯಸ್ಥ (ಪ್ರೀಮಿಯರ್) ಬ್ರ್ಯಾಡ್ ವಾಲ್ ಚುಚ್ಚಿದರು. 2017ರ ಅಕ್ಟೋಬರಿನಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು. ಸಣ್ಣ ಊರೊಂದು ಸ್ವತಂತ್ರ ಅಧ್ಯಯನದ ಖರ್ಚು ಭರಿಸಲಾರದು. ಹಾದಿಯುದ್ದದ ಹತ್ತು ಊರು ಸೇರಿದರೆ ಭರಿಸಬಹುದು. ಕೌನ್ಸಿಲಿನ ಮುಂದೆ ಹೋದಾಗ ಪಕ್ಕದೂರಿನವರನ್ನು ಕೇಳಿದ್ದೀರಾ ಎಂದು ಮೊದಲು ವಿಚಾರಿಸಿ.

ನಿಮ್ಮ ಊರಿಗೆ ಯಾವುದು?

ಕುಡಿಯುವ ನೀರು ಕೊಳವೆಯ ಹಾದಿಯ ಅಂತರ್ಜಲದಿಂದಲೇ ಬರುತ್ತಿದ್ದರೆ ನಾನು ವಿರೋಧದ ಪಕ್ಷ. ಅಲ್ಲಿ ಯಾವ ಮೊತ್ತವೂ ಸರಿದೂಗದು, ಹಾದಿ ಬದಲಿಸಿ ಎಂದು ಸಾಕ್ಷ್ಯಸಮೇತ ಕೇಳಬೇಕು. ಬಂದರು ಊರಾದರೆ ಸೌತ್ ಪೋರ್ಟ್‌ಲ್ಯಾಂಡಿನ ಮಾದರಿಯನ್ನು ವಕೀಲರೊಂದಿಗೆ ಕೂತು ಓದಿ, ಅಮೆರಿಕದಲ್ಲಿ ಮಾತ್ರ. ಕೆನಡಾದಲ್ಲಿ ಬೈಲಾದ ಮೇಲೆ ಹಣ ಸುರಿಯುವುದಕ್ಕಿಂತ ನಿಯಂತ್ರಣ ಮಂಡಳಿಯ ವಿಚಾರಣೆಯಲ್ಲಿ ಅಧಿಕೃತ ಪಕ್ಷವಾಗಿ ಸೇರಿ, ಅಗ್ನಿಶಾಮಕ ದಳದ, ನೀರು ಸರಬರಾಜಿನ ಎಂಜಿನಿಯರುಗಳ ವರದಿ ದಾಖಲಿಸುವುದು ಲೇಸು. 2016ರ ಮೇ ತಿಂಗಳಲ್ಲಿ ಟ್ರಾನ್ಸ್ ಮೌಂಟೇನ್‌ಗೆ ಮಂಡಳಿ ಹಾಕಿದ 157 ಷರತ್ತುಗಳ ಹಿಂದೆ ವಿಚಾರಣೆಯಲ್ಲಿ ಸಲ್ಲಿಸಿದ ಇಂಥ ಸಾಕ್ಷ್ಯಗಳಿದ್ದವು. ನಿಮ್ಮ ಕಡೆಯ ಮೂಲನಿವಾಸಿ ಸಮುದಾಯದವರೊಂದಿಗೆ ಕೌನ್ಸಿಲ್ ಮಾತಾಡಿದೆಯೇ ಎಂದೂ ಕೇಳಿ. ಕಾನೂನಿನ ಬಲ ಹೆಚ್ಚಾಗಿ ಅವರ ಕೈಯಲ್ಲಿದೆ ಎಂದು ಎರಡೆರಡು ತೀರ್ಪುಗಳು ತೋರಿಸಿವೆ.

ಊರಿನ ಅಂಚಿನ ಹೊಲದಲ್ಲಿ ಹಾದುಹೋಗುವ, ಮನೆಗಳೂ ಬಾವಿಗಳೂ ದೂರವಿರುವ ಕೊಳವೆಯಾದರೆ ಷರತ್ತಿನ ಒಪ್ಪಂದವೇ ಸೂಕ್ತ. ಆಗ ಹೊಣೆಗಾರಿಕೆಯ ಲೆಕ್ಕ ಕೇಳಿ. ಕೆನಡಾದಲ್ಲಿ 2016ರಿಂದ ದಿನಕ್ಕೆ ಎರಡೂವರೆ ಲಕ್ಷ ಬ್ಯಾರೆಲ್ ಅಥವಾ ಅದಕ್ಕಿಂತ ಹೆಚ್ಚು ಸಾಗಿಸುವ ಕಂಪನಿ, ತಪ್ಪು ಯಾರದೇ ಇರಲಿ, 100 ಕೋಟಿ ಡಾಲರ್‌ವರೆಗಿನ ನಷ್ಟಕ್ಕೆ ಹೊಣೆ. ಕಲಮಜೂ ಒಂದರ ಖರ್ಚೇ ಅದನ್ನು ಮೀರಿತ್ತು, ಅದೂ ಅಮೆರಿಕದ ಡಾಲರಿನಲ್ಲಿ. ಕಂಪನಿಯ ತಪ್ಪು ಸಾಬೀತಾದರೆ ಆ ಮಿತಿ ಇರುವುದಿಲ್ಲ, ಆದರೆ ಸಾಬೀತುಪಡಿಸಲು ವರ್ಷಗಳು ಬೇಕು. ಅಷ್ಟರವರೆಗೆ ಊರಿನ ಖಜಾನೆಯಿಂದ ಯಾರು ಕೊಡುತ್ತಾರೆ, ಕವಾಟ ಮುಚ್ಚಲು ಎಷ್ಟು ನಿಮಿಷ ಬೇಕು, ಮೊದಲು ಓಡಿಬರುವ ಅಗ್ನಿಶಾಮಕ ಸಿಬ್ಬಂದಿಗೆ ಆ ಕೊಳವೆಯಲ್ಲಿ ಏನು ಹರಿಯುತ್ತಿದೆ ಎಂದು ಯಾರು ಹೇಳುತ್ತಾರೆ ಎನ್ನುವುದಕ್ಕೆ ಕಂಪನಿಯ ಲಿಖಿತ ಉತ್ತರ ಕಡತದಲ್ಲಿ ಸೇರುವವರೆಗೆ ಮತಕ್ಕೆ ಹಾಕಬೇಡಿ ಎಂದು ನಿಮ್ಮ ಕೌನ್ಸಿಲರಿಗೆ ಬರೆಯಿರಿ.